ಮೂರು ಲಕ್ಷದ ಡಬ್ಬ: ಗೇಮಿಂಗ್ ಪಿಸಿಗೆ ಎಷ್ಟು ದುಡ್ಡು ಹಾಕಬೇಕು, ಚರಿತ್ರೆ ಏನು ಹೇಳುತ್ತೆ?

ಇವತ್ತಿನ ಎಪಿಸೋಡ್‌ನಲ್ಲಿ ರಾಜರೂ ಇಲ್ಲ, ಯುದ್ಧವೂ ಇಲ್ಲ. ಒಂದು ಡಬ್ಬ ಇದೆ. ಗಾಜಿನ ಬಾಗಿಲು, ಒಳಗೆ ಬಣ್ಣ ಬಣ್ಣದ ಲೈಟು, ಮೂರು ಫ್ಯಾನ್ ಇರೋ ಗ್ರಾಫಿಕ್ಸ್ ಕಾರ್ಡ್. ಗೇಮಿಂಗ್ ಪಿಸಿ. ಪ್ರಶ್ನೆ ಒಂದೇ: ಇದಕ್ಕೆ ಎಷ್ಟು ದುಡ್ಡು ಹಾಕಬಹುದು?

ಈ ಪ್ರಶ್ನೆ ಕೇಳೋರಲ್ಲಿ ಬಹಳಷ್ಟು ಜನ ಕೆಲಸಕ್ಕೆ ಸೇರಿ ಒಂದೆರಡು ವರ್ಷ ಆದವರು. ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ಆಡಿ, ಫ್ರೆಂಡ್ ರೂಮಲ್ಲಿ ಸರದಿ ಕಾದು ಬೆಳೆದವರು. ಈಗ ಕೈಗೆ ಸಂಬಳ ಬರ್ತಿದೆ, ಫೋನಲ್ಲೇ ಇಎಂಐ ಬಟನ್ ಇದೆ. ಬೆಂಗಳೂರಿನ ಎಸ್‌ಪಿ ರೋಡ್‌ಗೆ ಹೋಗಿ ಕೊಟೇಶನ್ ಬರೆಸಿದ್ರೆ ಒಂದೇ ಅಂಗಡಿಯಲ್ಲಿ ಲಕ್ಷದೊಳಗಿನದ್ದೂ ಸಿಗುತ್ತೆ, ಮೂರು ಲಕ್ಷ ದಾಟಿದ್ದೂ ಸಿಗುತ್ತೆ. ಎರಡೂ ಚೀಟಿ ಮೇಲೆ 'ಗೇಮಿಂಗ್ ಪಿಸಿ' ಅಂತಲೇ ಬರೆದಿರುತ್ತೆ.

ನಾನು ಓದಿದ್ದು ಬಿಕಾಂ. ಹಾಗಾಗಿ ಯಾವ ಕಾರ್ಡ್ ಎಷ್ಟು ಫ್ರೇಮ್ ಕೊಡುತ್ತೆ ಅನ್ನೋದಕ್ಕಿಂತ, ಆ ಕಾರ್ಡ್‌ಗೆ ಆ ಬೆಲೆ ಯಾಕೆ ಬಂತು ಅನ್ನೋದು ನನಗೆ ಜಾಸ್ತಿ ಇಷ್ಟ. ಬೆಲೆಗೂ ಒಂದು ಚರಿತ್ರೆ ಇದೆ. ಅದನ್ನ ನೋಡಿದ್ರೆ ಒಂದು ವಿಷಯ ಎದ್ದು ಕಾಣುತ್ತೆ: 'ಟಾಪ್ ಎಂಡ್' ಅನ್ನೋ ಗೆರೆಯನ್ನ ಪ್ರತಿ ಸಲವೂ ಮಾರೋರೇ ಎಳೆದಿದ್ದಾರೆ. ನಮ್ಮ ಲೆಕ್ಕ ಆ ಗೆರೆಯಿಂದ ಶುರುವಾದ್ರೆ ನಾವು ಮೊದಲೇ ಸೋತ ಹಾಗೆ.

ಗೇಮ್‌ಗೆ ಅಂತ ಯಾರೂ ಪಿಸಿ ತಗೋತಿರಲಿಲ್ಲ

1977ಕ್ಕೆ ಹೋಗೋಣ, ಅಮೆರಿಕಕ್ಕೆ. ಆ ವರ್ಷ ಆಟಾರಿ ಕಂಪನಿಯ ಗೇಮ್ ಕನ್ಸೋಲ್ 199 ಡಾಲರ್‌ಗೆ ಬಂತು. ಟಿವಿಗೆ ಸಿಕ್ಕಿಸಿ, ಆಡಿ. ಅದೇ ವರ್ಷ ಬಂದ ಆಪಲ್ 2 ಕಂಪ್ಯೂಟರ್‌ನ ಬೆಲೆ 1,298 ಡಾಲರ್, ಅದೂ ಬರೀ 4 ಕಿಲೋಬೈಟ್ ಮೆಮೊರಿಗೆ. 1981ರಲ್ಲಿ ಐಬಿಎಂ ಪಿಸಿ ಬಂತು, ಶುರುವಿನ ಬೆಲೆ 1,565 ಡಾಲರ್. ಅಮೆರಿಕದ ಹಣದುಬ್ಬರ ಸೇರಿಸಿದ್ರೆ ಇವತ್ತಿಗೆ ಅದು ಐದು ಸಾವಿರ ಡಾಲರ್ ದಾಟುತ್ತೆ.

ಅಷ್ಟು ದುಡ್ಡನ್ನ ಆಟಕ್ಕೆ ಯಾರು ಕೊಡ್ತಾರೆ? ಯಾರೂ ಕೊಡ್ತಿರಲಿಲ್ಲ. ಪಿಸಿ ಮನೆಗೆ ಬರ್ತಿದ್ದಿದ್ದು ಲೆಕ್ಕಪತ್ರಕ್ಕೆ, ಟೈಪಿಂಗ್‌ಗೆ, ಮಕ್ಕಳ ಓದಿಗೆ. ಗೇಮ್ ಅದರ ಹಿಂದೆ ಟಿಕೆಟ್ ಇಲ್ಲದೆ ಬಸ್ ಹತ್ತಿದ ಪ್ಯಾಸೆಂಜರ್. 1993ರ ಡಿಸೆಂಬರ್‌ನಲ್ಲಿ ಐಡಿ ಸಾಫ್ಟ್‌ವೇರ್‌ನವರ 'ಡೂಮ್' ಬಂದಾಗ, ಹಳೇ 386 ಮೆಷಿನ್‌ಗಳಲ್ಲಿ ಅದು ತೆವಳ್ತಿತ್ತು, 486ರಲ್ಲಿ ಓಡ್ತಿತ್ತು. ಆಗ ಎಷ್ಟೋ ಮನೆಗಳಲ್ಲಿ 'ಓದೋದಕ್ಕೆ' ಹೊಸ ಕಂಪ್ಯೂಟರ್ ಬೇಕಾಯ್ತು. ಈ ಸಬೂಬು ನಮ್ಮ ಮನೆಗಳಿಗೂ ಚೆನ್ನಾಗಿ ಗೊತ್ತಿರೋದೇ.

1996: ಆಟಕ್ಕೆ ಮಾತ್ರ 299 ಡಾಲರ್

ನಿಜವಾದ ತಿರುವು 1996. ತ್ರೀಡಿಎಫ್‌ಎಕ್ಸ್ ಅನ್ನೋ ಕಂಪನಿಯ 'ವೂಡೂ' ಚಿಪ್ ಇರೋ ಕಾರ್ಡ್ 299 ಡಾಲರ್ ಆಸುಪಾಸಿನಲ್ಲಿ ಮಾರುಕಟ್ಟೆಗೆ ಬಂತು. ಆ ವರ್ಷ ಮೆಮೊರಿ ಚಿಪ್‌ಗಳ ಬೆಲೆ ಕುಸಿದಿದ್ದರಿಂದಲೇ ಅದನ್ನ ಮನೆಮಂದಿಯ ಬೆಲೆಗೆ ತರೋಕೆ ಆಯ್ತು.

ಈ ಕಾರ್ಡ್‌ನಿಂದ ಆಟ ಬಿಟ್ಟು ಬೇರೆ ಏನೂ ಮಾಡೋಕಾಗ್ತಿರಲಿಲ್ಲ. ಸಾಮಾನ್ಯ ಡೆಸ್ಕ್‌ಟಾಪ್ ತೋರಿಸೋಕೆ ಇನ್ನೊಂದು ಕಾರ್ಡ್ ಬೇಕೇ ಬೇಕಿತ್ತು. ಎರಡರ ನಡುವೆ ಹಿಂದುಗಡೆಯಿಂದ ಒಂದು ಕೇಬಲ್ ಹಾಕಿ ಜೋಡಿಸಬೇಕಿತ್ತು. ಅಂದ್ರೆ 'ಓದೋಕೆ' ಅನ್ನೋ ಸಬೂಬು ಇಲ್ಲಿ ನಡೆಯಲ್ಲ. ಇಲ್ಲಿ ಜನ ಕಂಪ್ಯೂಟರ್ ಒಳಗೆ ಬರೀ ಆಟಕ್ಕೆ ಅಂತ ದೊಡ್ಡ ಮೊತ್ತ ಕೊಟ್ಟರು. ಮುಂದಿನ ವರ್ಷ 'ಕ್ವೇಕ್' ಅದರ ಮೇಲೆ ಓಡಿದ್ದನ್ನ ನೋಡಿದವರು ಹಳೇ ಚಿತ್ರಕ್ಕೆ ವಾಪಸ್ ಹೋಗಲಿಲ್ಲ.

ಎರಡೇ ವರ್ಷಕ್ಕೆ, 1998ರಲ್ಲಿ ವೂಡೂ 2 ಬಂತು. ಅದರ ದೊಡ್ಡ ಮಾಡೆಲ್‌ಗೂ ಹೆಚ್ಚುಕಮ್ಮಿ ಅದೇ 299 ಡಾಲರ್. ಆದರೆ ಒಂದು ಹೊಸ ಆಸೆ ಜೊತೆಗಿತ್ತು: ಎರಡು ಕಾರ್ಡ್ ಸೇರಿಸಿ ಹಾಕಿದ್ರೆ ಇನ್ನೂ ಜೋರು. ಸುಮಾರು 600 ಡಾಲರ್. ಟಾಪ್ ಎಂಡ್‌ನ ಗೆರೆ ಎರಡು ವರ್ಷದಲ್ಲಿ ಡಬಲ್! ಇಷ್ಟೆಲ್ಲ ಮಾಡಿದ ಆ ಕಂಪನಿ 2000ದ ಕೊನೆಗೆ ಮುಳುಗಿ, ಅದರ ಆಸ್ತಿಯನ್ನ ಎನ್‌ವಿಡಿಯಾ ಕೊಂಡುಕೊಂಡಿತು.

149 ಡಾಲರ್‌ನ ಕಳ್ಳದಾರಿ

1998ರ ಆಗಸ್ಟ್ 24. ಇಂಟೆಲ್ ಒಂದೇ ದಿನ ಎರಡು ರೀತಿಯ ಪ್ರೊಸೆಸರ್ ಬಿಡುಗಡೆ ಮಾಡಿತು. ಮೇಲಿನದ್ದು ಪೆಂಟಿಯಂ 2, 450 ಮೆಗಾಹರ್ಟ್ಜ್, 669 ಡಾಲರ್. ಕೆಳಗಿನದ್ದು ಸೆಲೆರಾನ್ 300ಎ, 300 ಮೆಗಾಹರ್ಟ್ಜ್, 149 ಡಾಲರ್.

ಹುಡುಗರು ಏನು ಮಾಡಿದ್ರು ಗೊತ್ತಾ? ಸೆಲೆರಾನ್ ಕೆಲಸ ಮಾಡ್ತಿದ್ದಿದ್ದು 66 ಮೆಗಾಹರ್ಟ್ಜ್ ಬಸ್ ಮೇಲೆ, ಅದರ ನಾಲ್ಕೂವರೆ ಪಟ್ಟು 300. ಮದರ್‌ಬೋರ್ಡ್ ಸೆಟ್ಟಿಂಗ್‌ನಲ್ಲಿ ಆ 66 ಅನ್ನ 100 ಮಾಡಿದ್ರೆ? ನಾಲ್ಕೂವರೆ ಪಟ್ಟು 450. ಬಹುಪಾಲು ಚಿಪ್‌ಗಳು ಆ ವೇಗವನ್ನ ಆರಾಮಾಗಿ ತಡ್ಕೊಂಡ್ವು. ಚಿಪ್ ಒಳಗೇ ಇದ್ದ ಪುಟ್ಟ ಕ್ಯಾಶೆ ಪೂರ್ತಿ ವೇಗದಲ್ಲಿ ಓಡ್ತಿದ್ದರಿಂದ, ಗೇಮ್‌ಗಳಲ್ಲಿ ಅದು 669 ಡಾಲರ್‌ನ ಅಣ್ಣನಿಗೆ ಸರಿಸಮ ನಿಂತಿತು.

ಇಲ್ಲಿ ಕಾಮರ್ಸ್‌ನವರು ಗಮನಿಸಬೇಕಾದ್ದು ಒಂದಿದೆ. ಎರಡು ಚಿಪ್‌ಗಳ ಸಾಮರ್ಥ್ಯದ ನಡುವೆ 520 ಡಾಲರ್‌ನಷ್ಟು ಅಂತರ ಇರಲಿಲ್ಲ. ಆ ಅಂತರ ಇದ್ದಿದ್ದು ಗಿರಾಕಿಗಳ ಜೇಬಿನ ನಡುವೆ. ಯಾರು ಎಷ್ಟು ಕೊಡೋಕೆ ರೆಡಿ ಇದ್ದಾರೋ ಅವರ ಹತ್ತಿರ ಅಷ್ಟು ವಸೂಲಿ ಮಾಡೋಕೆ ಒಂದೇ ಸಾಮಾನನ್ನ ಮೆಟ್ಟಿಲು ಮೆಟ್ಟಿಲಾಗಿ ಮಾರೋದು. ಬೆಲೆ ತಾರತಮ್ಯ ಅಂತ ಪಾಠದಲ್ಲಿ ಓದಿದ್ವಲ್ಲ, ಅದಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ನನಗೆ ಗೊತ್ತಿಲ್ಲ.

ಒಂದು ವರ್ಷ ಕಾದವನೇ ಜಾಣ

ಮುಂದಿನ ಇಪ್ಪತ್ತು ವರ್ಷ ಒಂದೇ ಕಥೆ ಬೇರೆ ಬೇರೆ ಹೆಸರಲ್ಲಿ ನಡೀತು. 2006ರ ನವೆಂಬರ್‌ನಲ್ಲಿ ಎನ್‌ವಿಡಿಯಾದ 8800 ಜಿಟಿಎಕ್ಸ್ ಬಂತು, 599 ಡಾಲರ್. ಅದ್ಭುತ ಕಾರ್ಡ್. ಹನ್ನೊಂದೇ ತಿಂಗಳಿಗೆ, 2007ರ ಅಕ್ಟೋಬರ್‌ನಲ್ಲಿ, ಅದೇ ಕಂಪನಿ 8800 ಜಿಟಿ ಬಿಟ್ಟಿತು. ಬೆಲೆ ಅರ್ಧಕ್ಕಿಂತ ಕಮ್ಮಿ, ಸಾಮಾನ್ಯ ಮಾನಿಟರ್‌ಗಳಲ್ಲಿ ಆಟ ಹೆಚ್ಚುಕಮ್ಮಿ ಅಷ್ಟೇ. ಮುಂದಿನ ತಿಂಗಳೇ 'ಕ್ರೈಸಿಸ್' ಬಿಡುಗಡೆಯಾಯ್ತು. 599 ಕೊಟ್ಟವರ ಮೆಷಿನ್ ಕೂಡ ಅದರ ಪೂರ್ತಿ ಸೆಟ್ಟಿಂಗ್‌ನಲ್ಲಿ ಏದುಸಿರು ಬಿಡ್ತು.

2008ರ ಜೂನ್. ಎನ್‌ವಿಡಿಯಾದ ಜಿಟಿಎಕ್ಸ್ 280, 649 ಡಾಲರ್. ಅದೇ ತಿಂಗಳು ಎದುರಾಳಿ ಎಎಂಡಿ 299 ಡಾಲರ್‌ಗೆ ರೇಡಿಯಾನ್ 4870 ಇಳಿಸಿತು. ಕೆಲವೇ ವಾರಗಳಲ್ಲಿ ಎನ್‌ವಿಡಿಯಾ ತನ್ನ ಬೆಲೆಯನ್ನ 499ಕ್ಕೆ ಇಳಿಸಬೇಕಾಯ್ತು. ಮೊದಲ ದಿನ ಕ್ಯೂ ನಿಂತವರು 150 ಡಾಲರ್ ಜಾಸ್ತಿ ಕೊಟ್ಟಿದ್ದು ಏನಕ್ಕೆ? ಒಂದು ತಿಂಗಳು ಮುಂಚೆ ಆಡೋದಕ್ಕೆ, ಅಷ್ಟೇ.

2013ರ ಫೆಬ್ರವರಿಯಲ್ಲಿ ದೊಡ್ಡ ಬದಲಾವಣೆ. ಎನ್‌ವಿಡಿಯಾ 'ಟೈಟನ್' ತಂದಿತು, 999 ಡಾಲರ್. ಹೋಟೆಲ್ ಮೆನು ನೆನಪಿಸಿಕೊಳ್ಳಿ. ಮೇಲ್ಗಡೆ 900 ರೂಪಾಯಿ ಐಟಂ ಇದ್ರೆ 450ರದ್ದು ಅಗ್ಗ ಅನ್ಸುತ್ತೆ. ಟೈಟನ್ ಮಾಡಿದ ಕೆಲಸ ಅದು. ಕೊಂಡವರು ಕಮ್ಮಿ ಇರಬಹುದು, ಆದರೆ ಸಾವಿರ ಡಾಲರ್ ಅನ್ನೋ ಸಂಖ್ಯೆ ಎಲ್ಲರ ತಲೆಗೆ ಹೋಯ್ತು. ಐದೂವರೆ ವರ್ಷ ಕಳೆದು, 2018ರಲ್ಲಿ, ಟೈಟನ್ ಅನ್ನೋ ಹೆಸರೇ ಇಲ್ಲದ ಆರ್‌ಟಿಎಕ್ಸ್ 2080 ಟಿಐ ಅನ್ನ ಎನ್‌ವಿಡಿಯಾ ತಾನೇ 1,199 ಡಾಲರ್‌ಗೆ ಮಾರಿತು.

ಆಗಲೂ ಕಾಯೋರಿಗೆ ದಾರಿ ಇತ್ತು. 2015ರ ಟೈಟನ್ ಎಕ್ಸ್ 999 ಡಾಲರ್. ಹದಿನೈದು ತಿಂಗಳಿಗೆ ಬಂದ ಜಿಟಿಎಕ್ಸ್ 1070 ಅದೇ ಮಟ್ಟದ ಆಟ ಕೊಟ್ಟಿದ್ದು 379 ಡಾಲರ್‌ಗೆ. ಅಂದ್ರೆ ಟಾಪ್ ಎಂಡ್‌ಗೆ ಕೊಡೋ ಹೆಚ್ಚಿನ ದುಡ್ಡಿಗೆ ಸಿಕ್ತಿದ್ದಿದ್ದು ಹೆಚ್ಚುಕಮ್ಮಿ ಒಂದು, ಒಂದೂವರೆ ವರ್ಷದ ಮುನ್ನಡೆ. ಆ ಹೆಚ್ಚಿನ ದುಡ್ಡು ಒಂಥರಾ ಬಾಡಿಗೆ.

2020: ಲೆಕ್ಕ ತಲೆಕೆಳಗಾದ ವರ್ಷ

2020ರ ಸೆಪ್ಟೆಂಬರ್ 1. ಎನ್‌ವಿಡಿಯಾ ಹೊಸ 3000 ಸರಣಿ ಘೋಷಿಸಿತು. 499 ಡಾಲರ್‌ನ 3070 ಕಾರ್ಡ್ ಹಳೇ 2080 ಟಿಐಗೆ ಸಮ ಅಂತ ಹೇಳಿತು. ಅದು ನಿಜವೂ ಆಗಿತ್ತು. 1,199 ಕೊಟ್ಟವರಿಗೆ ಗಾಬರಿ. ಅಮೆರಿಕದಲ್ಲಿ ಎಷ್ಟೋ ಜನ ತಮ್ಮ ಕಾರ್ಡ್‌ಗಳನ್ನ 500 ಡಾಲರ್ ಆಸುಪಾಸಿಗೆ ಮಾರಿಬಿಟ್ಟರು.

ಹೊಸ ಕಾರ್ಡ್ ಮಾತ್ರ ಅವರ ಕೈಗೆ ಬರಲಿಲ್ಲ. ಸೆಪ್ಟೆಂಬರ್ 17ರಂದು 3080 ಮಾರಾಟಕ್ಕೆ ಬಂದು ನಿಮಿಷಗಳಲ್ಲಿ ಖಾಲಿ. ಕೋವಿಡ್, ಚಿಪ್ ಕೊರತೆ, ಅದರ ಮೇಲೆ ಈಥಿರಿಯಂ ಮೈನಿಂಗ್. ಗೇಮ್ ಆಡೋಕೆ ಮಾಡಿದ ಕಾರ್ಡ್ ದುಡ್ಡು ದುಡಿಯೋ ಯಂತ್ರ ಆಗಿಬಿಡ್ತು. 699 ಡಾಲರ್‌ನ 3080 ಮುಂದಿನ ವರ್ಷ ಕೈಬದಲಾಗಿ ಎರಡು ಪಟ್ಟಿಗೂ ಜಾಸ್ತಿಗೆ ಹೋಯ್ತು. ಗಾಬರಿಯಲ್ಲಿ ಮಾರದೆ ಇಟ್ಟುಕೊಂಡವರ ಹಳೇ ಕಾರ್ಡ್‌ಗೂ ಬೆಲೆ ಏರಿತು. ಬಳಸಿದ ವಸ್ತುವಿನ ಬೆಲೆ ಇಳೀಬೇಕು ಅನ್ನೋದು ಸವಕಳಿಯ ಮೊದಲ ಪಾಠ. ಆ ಎರಡು ವರ್ಷ ಆ ಪಾಠ ರಜೆ ಹಾಕಿತ್ತು.

2022ರ ಸೆಪ್ಟೆಂಬರ್ 15ಕ್ಕೆ ಈಥಿರಿಯಂ ತನ್ನ ವಿಧಾನ ಬದಲಾಯಿಸಿ, ಗ್ರಾಫಿಕ್ಸ್ ಕಾರ್ಡ್‌ಗಳಿಂದ ಮಾಡೋ ಮೈನಿಂಗ್ ನಿಲ್ಲಿಸಿತು. ಬೆಲೆ ಹಳೇ ಜಾಗಕ್ಕೆ ಇಳಿಯುತ್ತೆ ಅಂತ ಎಲ್ಲರೂ ಕಾದ್ರು. ಮುಂದಿನ ತಿಂಗಳು 4090 ಬಂತು, 1,599 ಡಾಲರ್.

ಈಗ ನಾವು ಎರಡನೇ ದರ್ಜೆಯ ಗಿರಾಕಿಗಳು

2025ರ ಜನವರಿಯಲ್ಲಿ 5090 ಬಂತು, 1,999 ಡಾಲರ್. ಭಾರತದಲ್ಲಿ ಕಂಪನಿ ಘೋಷಿಸಿದ ಬೆಲೆ 2,14,000 ರೂಪಾಯಿ. ಅದರ ಕೆಳಗಿನ 5080ಗೆ 1,07,000. ಇನ್ನೂ ಕೆಳಗಿನ 5070ಗೆ 59,000. ಮೆಟ್ಟಿಲುಗಳ ಎತ್ತರ ನೋಡಿ: ಮೇಲಿನೆರಡರ ನಡುವೆ ಸರಿಯಾಗಿ ಎರಡು ಪಟ್ಟು.

ಕಾದವನಿಗೆ ಲಾಭ ಅನ್ನೋ ಹಳೇ ನಿಯಮ ಇಲ್ಲಿ ಸಡಿಲ ಆಯ್ತು. 2025ರ 5080 ಕಾರ್ಡ್ 2022ರ 4090 ಅನ್ನ ಹಿಂದೆ ಹಾಕಲಿಲ್ಲ. 549 ಡಾಲರ್‌ನ 5070ರಲ್ಲಿ 4090ರ ಶಕ್ತಿ ಇದೆ ಅಂತ ವೇದಿಕೆ ಮೇಲೆ ಹೇಳಿದ್ದು, ಎಐ ಹುಟ್ಟಿಸೋ ಹೆಚ್ಚುವರಿ ಫ್ರೇಮ್‌ಗಳನ್ನ ಲೆಕ್ಕಕ್ಕೆ ಸೇರಿಸಿಕೊಂಡಾಗ ಮಾತ್ರ.

ಕಾರಣ ಹುಡುಕೋಕೆ ಕಂಪನಿಯ ಲೆಕ್ಕಪತ್ರ ನೋಡಿದ್ರೆ ಸಾಕು. ಎನ್‌ವಿಡಿಯಾದ 2025ರ ಹಣಕಾಸು ವರ್ಷದ ಒಟ್ಟು ಆದಾಯ ಸುಮಾರು 130.5 ಬಿಲಿಯನ್ ಡಾಲರ್. ಅದರಲ್ಲಿ ಡೇಟಾ ಸೆಂಟರ್‌ನಿಂದ 115 ಬಿಲಿಯನ್. ಗೇಮಿಂಗ್‌ನಿಂದ ಹನ್ನೊಂದು ಚಿಲ್ಲರೆ, ಅಂದ್ರೆ ನೂರಕ್ಕೆ ಒಂಬತ್ತೂ ಇಲ್ಲ. ಅದಕ್ಕೆ ಮೂರೇ ವರ್ಷ ಮುಂಚೆ ಗೇಮಿಂಗೇ ಅವರ ದೊಡ್ಡ ವ್ಯವಹಾರ ಆಗಿತ್ತು. 2025ರ ಕೊನೆಗೆ ಇದೇ ಎಐ ಬೇಡಿಕೆಗೆ ರ‍್ಯಾಮ್ ಬೆಲೆಯೂ ಏರಿತು. ಮೆಮೊರಿ ತಯಾರಿಸೋ ಮೈಕ್ರಾನ್, ಸಾಮಾನ್ಯ ಗ್ರಾಹಕರಿಗೆ ಮಾರ್ತಿದ್ದ ತನ್ನ 'ಕ್ರೂಶಿಯಲ್' ವ್ಯವಹಾರವನ್ನೇ ನಿಲ್ಲಿಸೋದಾಗಿ ಹೇಳಿತು. 1996ರಲ್ಲಿ ಮೆಮೊರಿ ಅಗ್ಗ ಆಗಿ ನಮ್ಮ ಕಥೆ ಶುರುವಾಯ್ತು. ಈಗ ಚಕ್ರ ಉಲ್ಟಾ ತಿರುಗಿದೆ.

ಇದರ ಮೇಲೆ ನಮ್ಮದೇ ಎರಡು ಭಾರ. ಒಂದು ರೂಪಾಯಿ. 2006ರಲ್ಲಿ ಡಾಲರ್‌ಗೆ 45ರ ಆಸುಪಾಸು ಇತ್ತು, 5090 ಬಂದಾಗ 86. ಎರಡನೇದು 18 ಪರ್ಸೆಂಟ್ ಜಿಎಸ್‌ಟಿ. ಅಮೆರಿಕದ ಯೂಟ್ಯೂಬರ್ 'ಇದು ವ್ಯಾಲ್ಯೂ ಫಾರ್ ಮನಿ' ಅಂದಾಗ ಅವನ ಮನಿಯೇ ಬೇರೆ, ನಮ್ಮ ಮನಿಯೇ ಬೇರೆ. 575 ವ್ಯಾಟ್ ಎಳೆಯೋ ಕಾರ್ಡ್‌ಗೆ ದೊಡ್ಡ ಪವರ್ ಸಪ್ಲೈ ಬೇಕು, ಕರೆಂಟ್ ಹೋಗೋ ಊರಲ್ಲಿ ಅದಕ್ಕೆ ತಕ್ಕ ಯುಪಿಎಸ್ ಬೇಕು. ಕೊಟೇಶನ್‌ನಲ್ಲಿ ಕಾಣದ ಖರ್ಚು ಇವು.

ಹಾಗಾದ್ರೆ ಎಷ್ಟು?

ಇಷ್ಟು ಚರಿತ್ರೆಯಿಂದ ನಾನು ತೆಗೆದ ಲೆಕ್ಕ ಹೀಗಿದೆ.

ಮೊದಲು ಮಾನಿಟರ್, ಆಮೇಲೆ ಕಾರ್ಡ್. 1080ಪಿ ಪರದೆಯಲ್ಲಿ ಸುಮಾರು 21 ಲಕ್ಷ ಪಿಕ್ಸೆಲ್. 1440ಪಿ ಅಂದ್ರೆ 37 ಲಕ್ಷ. 4ಕೆ ಅಂದ್ರೆ 83 ಲಕ್ಷ. ಕಾರ್ಡ್ ಬರೀಬೇಕಾದ ಚಿತ್ರ ನಾಲ್ಕು ಪಟ್ಟು! 1080ಪಿಯಲ್ಲಿ ವ್ಯಾಲರಂಟ್, ಕೌಂಟರ್ ಸ್ಟ್ರೈಕ್ ಆಡೋ ಮನುಷ್ಯನಿಗೆ ಎರಡು ಲಕ್ಷದ ಕಾರ್ಡ್ ಕೊಡೋದು, ತರಕಾರಿ ತರೋಕೆ ಲಾರಿ ತಗೊಂಡ ಹಾಗೆ. ಪಿಯುಸಿಯಲ್ಲಿ ಓದಿದ ಇಳಿಮುಖ ಸೀಮಾಂತ ತುಷ್ಟಿಗುಣ ನೆನಪಿದೆಯಾ? 30 ಫ್ರೇಮ್‌ನಿಂದ 60ಕ್ಕೆ ಹೋದಾಗ ಕಣ್ಣಿಗೆ ಹಬ್ಬ. 140ರಿಂದ 170ಕ್ಕೆ ಹೋದಾಗ ಬಹಳಷ್ಟು ಜನರಿಗೆ ಅದು ಮೀಟರ್‌ನಲ್ಲಿ ಕಾಣೋ ಸಂಖ್ಯೆ ಮಾತ್ರ.

ಎರಡನೇದು, ಬೆಲೆ ನೋಡಬೇಡಿ, ವರ್ಷದ ಖರ್ಚು ನೋಡಿ. ಕೊಂಡ ಬೆಲೆಯಿಂದ ಮುಂದೆ ಮಾರಿದಾಗ ಬರೋದನ್ನ ಕಳೀರಿ, ಎಷ್ಟು ವರ್ಷ ಇಟ್ಕೋತೀರೋ ಅದರಿಂದ ಭಾಗಿಸಿ. ಒಂದು ಕಾಲ್ಪನಿಕ ಉದಾಹರಣೆ: ಮೂರು ಲಕ್ಷದ ಪಿಸಿ ನಾಲ್ಕು ವರ್ಷ ಬಿಟ್ಟು ಒಂದು ಲಕ್ಷಕ್ಕೆ ಹೋಯ್ತು ಅನ್ನೋಣ. ವರ್ಷಕ್ಕೆ 50,000 ಖರ್ಚು. 1 ಲಕ್ಷ 20 ಸಾವಿರದ ಪಿಸಿ 35 ಸಾವಿರಕ್ಕೆ ಹೋಯ್ತು ಅನ್ನೋಣ. ವರ್ಷಕ್ಕೆ 21,250. ವಾರಕ್ಕೆ 10 ಗಂಟೆ ಆಡಿದ್ರೆ ಮೊದಲನೇದು ಗಂಟೆಗೆ 96 ರೂಪಾಯಿ, ಎರಡನೇದು 41. ಸೈಬರ್ ಕೆಫೆಯ ಗಂಟೆ ಲೆಕ್ಕ ಇನ್ನೂ ನಮ್ಮನ್ನ ಬಿಟ್ಟಿಲ್ಲ, ಮೀಟರ್ ಕಾಣಿಸ್ತಿಲ್ಲ ಅಷ್ಟೇ.

ಎರಡರ ನಡುವಿನ ಅಂತರ ತಿಂಗಳಿಗೆ ಸುಮಾರು 2,400. ಈಗ ಕೇಳ್ಕೊಳ್ಳಿ: ಆ ಹೆಚ್ಚಿನ ಚಂದಕ್ಕೆ ನಾಲ್ಕು ವರ್ಷ, ಪ್ರತಿ ತಿಂಗಳು 2,400 ಕೊಡೋಕೆ ಖುಷಿ ಇದೆಯಾ? ಹೌದು ಅನ್ನೋರು ಇದ್ದಾರೆ, ಅವರು ದಡ್ಡರಲ್ಲ. 4ಕೆಯಲ್ಲಿ ಆಡೋರು, ಅದೇ ಮೆಷಿನ್‌ನಲ್ಲಿ ವಿಡಿಯೋ, ತ್ರೀಡಿ ಕೆಲಸ ಮಾಡಿ ದುಡಿಯೋರು, ಬೇರೆ ಯಾವ ಖರ್ಚಿನ ಹವ್ಯಾಸವೂ ಇಲ್ಲದೋರು. ಅವರಿಗೆ ಅದು ನ್ಯಾಯದ ಬೆಲೆ.

ಮೂರನೇದು ಇಎಂಐ. ಮೂರು ಲಕ್ಷವನ್ನ ವರ್ಷಕ್ಕೆ 16 ಪರ್ಸೆಂಟ್ ಬಡ್ಡಿಗೆ 24 ತಿಂಗಳು ಹಾಕಿದ್ರೆ ಕಂತು ಸುಮಾರು 14,700. ಒಟ್ಟು ಬಡ್ಡಿಯೇ 52 ಸಾವಿರ ದಾಟುತ್ತೆ. ಆ ಬಡ್ಡಿ ದುಡ್ಡಿಗೆ ಭಾರತದಲ್ಲಿ ಪಿಎಸ್5 ಬಿಡುಗಡೆಯಾದಾಗ ಅದನ್ನೇ ಕೊಳ್ಳಬಹುದಿತ್ತು, 2021ರಲ್ಲಿ ಅದರ ಬೆಲೆ 49,990. ಬೆಲೆ ಇಳಿಯೋ ವಸ್ತುವಿಗೆ ಬಡ್ಡಿ ಕಟ್ಟೋದು ಅಂದ್ರೆ ಎರಡೂ ಕಡೆಯಿಂದ ಸವೆಯೋದು. ನನ್ನ ನಿಯಮ ಸರಳ: ಆರು ತಿಂಗಳ ಮನೆ ಖರ್ಚು ಬ್ಯಾಂಕಲ್ಲಿ ಇದ್ದು, ಅದರ ಮೇಲೆ ಉಳಿದ ದುಡ್ಡಿನಿಂದ ಒಂದೇ ಸಲ ಕೊಡೋಕಾದ್ರೆ ಮಾತ್ರ ಕೊಳ್ಳೋದು.

ನನ್ನ ಆದಾಯ ತಿಂಗಳು ತಿಂಗಳು ಒಂದೇ ಥರ ಬರಲ್ಲ, ಪಾಡ್‌ಕಾಸ್ಟ್ ನಡೆಸೋರ ಪಾಡು ನಿಮಗೆ ಗೊತ್ತು. ಇದೇ ಲೆಕ್ಕ ಹಾಕಿ ನಾನು ಇಟ್ಟುಕೊಂಡ ಮಿತಿ 1 ಲಕ್ಷ 20 ಸಾವಿರ, 1440ಪಿ ಮಾನಿಟರ್ ಸೇರಿ. ಅದರಲ್ಲಿ ಶೇಕಡ 40ರಷ್ಟು ಗ್ರಾಫಿಕ್ಸ್ ಕಾರ್ಡ್‌ಗೆ. ಒಳ್ಳೇ ಪವರ್ ಸಪ್ಲೈಗೆ ಚೌಕಾಸಿ ಇಲ್ಲ, ಯಾಕಂದ್ರೆ ಮುಂದಿನ ಕಾರ್ಡ್‌ಗೂ ಅದೇ ಬೇಕು. ಲೈಟಿಗೆ, ಗಾಜಿಗೆ ಸೊನ್ನೆ. ನಿಮ್ಮ ಸಂಖ್ಯೆ ಬೇರೆ ಇರಬಹುದು, ಇರಬೇಕು ಕೂಡ. ಅದು ನಿಮ್ಮ ಪರದೆ, ನಿಮ್ಮ ಗಂಟೆಗಳು, ನಿಮ್ಮ ಉಳಿತಾಯದಿಂದ ಹುಟ್ಟಿದ್ರೆ ಸರಿ.

ಒಂದು ಕೊನೇ ಮಾತು. ಸ್ಟೀಮ್‌ನವರು ತಮ್ಮಲ್ಲಿ ಆಡೋರ ಮೆಷಿನ್‌ಗಳ ಸಮೀಕ್ಷೆ ಪ್ರಕಟಿಸ್ತಾರೆ. ಅದರಲ್ಲಿ ವರ್ಷಗಟ್ಟಲೆ ಮೊದಲ ಸ್ಥಾನದಲ್ಲಿ ಕೂತಿದ್ದು ಯಾವ ಟೈಟನ್ನೂ ಅಲ್ಲ. 2016ರಲ್ಲಿ 249 ಡಾಲರ್‌ಗೆ ಬಂದ ಜಿಟಿಎಕ್ಸ್ 1060. ಜಗತ್ತು ಆಡಿದ್ದು ಅದರ ಮೇಲೆ.

ನೀವು ಹಾಕಿರೋ ಮಿತಿ ಎಷ್ಟು, ಗಂಟೆಗೆ ಎಷ್ಟು ಬಿತ್ತು ಅಂತ ಲೆಕ್ಕ ಮಾಡಿ ನಂಗೆ ವಾಯ್ಸ್ ನೋಟ್ ಕಳ್ಸಿ. ಒಳ್ಳೊಳ್ಳೆ ಲೆಕ್ಕಗಳನ್ನ ಮುಂದಿನ ಎಪಿಸೋಡ್‌ನಲ್ಲಿ ಕೇಳಿಸ್ತೀನಿ. ಅಲ್ಲಿವರೆಗೂ ಕೊಟೇಶನ್ ಬರೆಸಿ, ಮಡಚಿ ಜೇಬಲ್ಲಿ ಇಟ್ಕೊಳ್ಳಿ, ಅಡ್ವಾನ್ಸ್ ಮಾತ್ರ ಕೊಡಬೇಡಿ. ಸಿಗೋಣ.